ನೇತ್ರಾಣಿ: ದಂಡೆ ಮುಟ್ಟದೆ ನೋಡಬೇಕಾದ ದ್ವೀಪ

ಪೀಠಿಕೆ

ಸುತ್ತಲೂ ನೀರಿನಿಂದ ಆವೃತವಾದ ಭೂಭಾಗಕ್ಕೆ ದ್ವೀಪವೆಂದು ಹೆಸರು. ಈ ವ್ಯಾಖ್ಯೆಯನ್ನು ಪ್ರಾಥಮಿಕ ಶಾಲೆಯ ಪ್ರತಿಯೊಬ್ಬ ವಿದ್ಯಾರ್ಥಿಯೂ ಬಾಯಿಪಾಠ ಮಾಡಿರುತ್ತಾನೆ. ಆದರೆ ಆ ನೀರು ಅಲ್ಲಿನ ಜೀವಿಗಳ ಪಾಲಿಗೆ ಏನಾಗಿದೆ ಎಂಬ ಪ್ರಶ್ನೆ ತರಗತಿಯಲ್ಲಿ ಏಳುವುದು ಅಪರೂಪ. ಹೊಲಕ್ಕೆ ಬೇಲಿ ಹೇಗೋ, ಊರಿಗೆ ಕೋಟೆ ಹೇಗೋ, ದ್ವೀಪಕ್ಕೆ ನೀರು ಹಾಗೆ. ನರಿ, ನಾಯಿ, ಕಾಡುಬೆಕ್ಕು ಮೊದಲಾದ ಪ್ರಾಣಿಗಳು ದಾಟಲಾರದ ಈ ಬೇಲಿಯ ಒಳಗೆ ಹಕ್ಕಿಗಳು ನಿರ್ಭಯವಾಗಿ ಗೂಡು ಕಟ್ಟುತ್ತವೆ. ಮನುಷ್ಯನೊಬ್ಬನು ಮಾತ್ರ ದೋಣಿಯನ್ನು ಕಂಡುಹಿಡಿದು ಆ ಬೇಲಿಯನ್ನು ದಾಟಬಲ್ಲವನಾದನು. ಆದ್ದರಿಂದ ದ್ವೀಪವೊಂದರ ಜೀವಸಂಪತ್ತನ್ನು ನೋಡಲು ಹೊರಟವನು ತಾನು ಎಲ್ಲಿಯವರೆಗೆ ಹೋಗಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಮೊದಲು ಅರಿತಿರಬೇಕಾಗುತ್ತದೆ.

ಕರ್ನಾಟಕದ ಕರಾವಳಿಯಲ್ಲಿ ಈ ವಿಚಾರವನ್ನು ಕಲಿಯಲು ನೇತ್ರಾಣಿ ದ್ವೀಪಕ್ಕಿಂತ ಉತ್ತಮವಾದ ಪಾಠಶಾಲೆ ಇನ್ನೊಂದಿಲ್ಲ. ಮಸೂತಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ, ಇಂಡಿ, ಸಿಂದಗಿ ಭಾಗದ ಬಯಲು ಸೀಮೆಯ ಮಕ್ಕಳಿಗೆ ಕಡಲು ದೂರದ ವಸ್ತು. ಶಾಲಾ ಪ್ರವಾಸದ ಪಟ್ಟಿಯಲ್ಲಿ ಮುರುಡೇಶ್ವರದ ಹೆಸರು ಬರುವುದುಂಟು. ಆದರೆ ಅಲ್ಲಿನ ತೀರದಲ್ಲಿ ನಿಂತು ಪಶ್ಚಿಮಕ್ಕೆ ದಿಟ್ಟಿಸಿದಾಗ ದಿಗಂತದಲ್ಲಿ ಮಸುಕಾಗಿ ತೋರುವ ಗುಡ್ಡ ಯಾವುದು, ಅಲ್ಲಿ ಯಾವ ಜೀವಿಗಳು ಬಾಳುತ್ತಿವೆ ಎಂಬುದನ್ನು ಕೇಳುವವರು ಕಡಿಮೆ. ಆ ಗುಡ್ಡದ ಪರಿಚಯವನ್ನೂ ಅಲ್ಲಿಗೆ ಹೋಗುವವರು ಪಾಲಿಸಬೇಕಾದ ಕ್ರಮವನ್ನೂ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸ್ಥಳ ಮತ್ತು ಸ್ವರೂಪ

ನೇತ್ರಾಣಿಯು ಉತ್ತರ ಕನ್ನಡ ಜಿಲ್ಲೆಯ ಭಟ್ಕಳ ತಾಲ್ಲೂಕಿನ ಮುರುಡೇಶ್ವರದ ತೀರದಿಂದ ಸುಮಾರು 10 ನಾಟಿಕಲ್ ಮೈಲಿ, ಅಂದರೆ ಸುಮಾರು 19 ಕಿಲೋಮೀಟರು ದೂರದಲ್ಲಿ ಅರಬ್ಬೀ ಸಮುದ್ರದ ನಡುವೆ ನಿಂತಿದೆ. ಆಕಾಶದಿಂದ ನೋಡಿದವರಿಗೆ ಅದರ ಆಕಾರ ಹೃದಯವನ್ನು ಹೋಲುತ್ತದೆ. ಕಡಲಿನಿಂದ ಕಡಿದಾಗಿ ಮೇಲೆದ್ದ ಬಂಡೆಗಳು, ಅವುಗಳ ನೆತ್ತಿಯ ಮೇಲೆ ಹಸುರು ಮರಗಳು, ಅಲೆಗಳು ಕೊರೆದ ಗವಿಗಳು, ಇವು ಅದರ ಲಕ್ಷಣಗಳು. ಅಲ್ಲಿ ಜನವಸತಿ ಇಲ್ಲ.

ಆಂಗ್ಲರು ತಮ್ಮ ನಕಾಶೆಗಳಲ್ಲಿ ಈ ದ್ವೀಪವನ್ನು ಪಾರಿವಾಳಗಳ ದ್ವೀಪವೆಂಬ ಅರ್ಥ ಬರುವಂತೆ ‘ಪಿಜನ್ ಐಲೆಂಡ್’ ಎಂದು ಗುರುತಿಸಿದರು. ದ್ವೀಪದ ಹೆಸರು ಇನ್ನೂ ಪ್ರಾಚೀನವಾಗಿರಬಹುದೆಂದು ಊಹಿಸುವ ವಿದ್ವಾಂಸರೂ ಇದ್ದಾರೆ. ಕ್ರಿಸ್ತಶಕ ಒಂದನೆಯ ಶತಮಾನದ ರೋಮನ್ ಲೇಖಕ ಪ್ಲಿನಿಯು ಭಾರತದ ಪಶ್ಚಿಮ ಕರಾವಳಿಯ ಕಡಲ್ಗಳ್ಳರ ನೆಲೆಯೊಂದನ್ನು ‘ನಿತ್ರಿಯಾಸ್’ ಎಂದು ಕರೆದಿದ್ದಾನೆ. ಕೆಲವರು ಇದನ್ನು ನೇತ್ರಾಣಿಯೊಂದಿಗೂ, ಮತ್ತೆ ಕೆಲವರು ನೇತ್ರಾವತಿ ನದಿಯ ಮುಖದಲ್ಲಿರುವ ಮಂಗಳೂರಿನೊಂದಿಗೂ ಹೊಂದಿಸುತ್ತಾರೆ. ಇದು ಇತಿಹಾಸಕಾರರ ಚರ್ಚೆಗೆ ಬಿಟ್ಟ ವಿಷಯ. ಕರಾವಳಿಯ ಮೀನುಗಾರರಿಗಂತೂ ಇದು ತಲೆಮಾರುಗಳಿಂದ ದಿಕ್ಕು ತೋರುವ ಗುಡ್ಡವೂ ಹರಕೆಯ ತಾಣವೂ ಆಗಿದೆ.

ಬಯಲಿನಿಂದ ಕಡಲಿಗೆ

ಮಸೂತಿಯ ಕಡೆಯಿಂದ ಹೊರಟ ಪ್ರಯಾಣಿಕನು ಕೊಲ್ಹಾರದ ಬಳಿ ಕೃಷ್ಣೆಯ ಹಿನ್ನೀರನ್ನು ಉದ್ದನೆಯ ಸೇತುವೆಯ ಮೇಲೆ ದಾಟುತ್ತಾನೆ. ಮೊಸರಿಗೆ ಹೆಸರಾದ ಕೊಲ್ಹಾರವನ್ನು ಹಿಂದೆ ಬಿಟ್ಟು ಹುಬ್ಬಳ್ಳಿಯ ಮಾರ್ಗ ಹಿಡಿದರೆ, ಜೋಳ, ಕಡಲೆ, ಸೂರ್ಯಕಾಂತಿಗಳ ಕಪ್ಪು ನೆಲ ಬಹುದೂರದವರೆಗೆ ಜತೆಗೂಡುತ್ತದೆ. ಹುಬ್ಬಳ್ಳಿಯ ಮುಂದೆ ನೆಲ ಕೆಂಪಾಗುತ್ತದೆ, ಗಿಡಗಳು ಎತ್ತರವಾಗುತ್ತವೆ. ಯಲ್ಲಾಪುರವನ್ನು ದಾಟಿ ಅರಬೈಲ್ ಘಟ್ಟವನ್ನು ಇಳಿಯುವಾಗ ದಟ್ಟ ಕಾಡು ರಸ್ತೆಯನ್ನು ಆವರಿಸುತ್ತದೆ. ಅಂಕೋಲೆಯಲ್ಲಿ ಕಡಲ ಗಾಳಿ ಮುಖಕ್ಕೆ ತಾಗುತ್ತದೆ. ಅಲ್ಲಿಂದ ದಕ್ಷಿಣಕ್ಕೆ ತಿರುಗಿ ಗಂಗಾವಳಿ, ಅಘನಾಶಿನಿ, ಶರಾವತಿ ಎಂಬ ಮೂರು ಹೊಳೆಗಳನ್ನು ಒಂದಾದ ಮೇಲೊಂದರಂತೆ ದಾಟಿದರೆ ಮುರುಡೇಶ್ವರ ಸಿಗುತ್ತದೆ. ಒಂದು ಹಗಲಿನ ಈ ಪ್ರಯಾಣದಲ್ಲಿಯೇ ವಿದ್ಯಾರ್ಥಿಯು ಬಯಲು, ಮಲೆನಾಡು, ಕರಾವಳಿ ಎಂಬ ಕನ್ನಡ ನಾಡಿನ ಮೂರು ಪ್ರಾಕೃತಿಕ ವಿಭಾಗಗಳನ್ನು ಪ್ರತ್ಯಕ್ಷವಾಗಿ ಕಾಣುತ್ತಾನೆ. ಕೃಷ್ಣೆಯ ನೀರು ಪೂರ್ವಕ್ಕೆ ಹರಿದು ಬಂಗಾಳ ಕೊಲ್ಲಿಯನ್ನು ಸೇರುವಾಗ, ಘಟ್ಟದ ಈಚೆಗಿನ ಹೊಳೆಗಳು ಪಶ್ಚಿಮಕ್ಕೆ ಧುಮುಕಿ ಅರಬ್ಬೀ ಸಮುದ್ರವನ್ನು ಸೇರುವುದನ್ನು ಉಪಾಧ್ಯಾಯರು ಇಲ್ಲಿ ನಕಾಶೆಯಿಲ್ಲದೆಯೇ ತೋರಿಸಬಹುದು.

ಮುರುಡೇಶ್ವರದಿಂದ ದ್ವೀಪದ ಬಳಿಗೆ ಯಂತ್ರದ ದೋಣಿಯಲ್ಲಿ ಒಂದು ಗಂಟೆಗೂ ಮಿಕ್ಕ ಪ್ರಯಾಣ. ಸಾಮಾನ್ಯವಾಗಿ ಅಕ್ಟೋಬರಿನಿಂದ ಮೇ ತಿಂಗಳವರೆಗೆ ಕಡಲು ಶಾಂತವಾಗಿರುವ ದಿನಗಳಲ್ಲಿ ಮಾತ್ರ ಇದು ಸಾಧ್ಯ. ಮುಂಗಾರಿನಲ್ಲಿ ಸಮುದ್ರ ಯಾರನ್ನೂ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಯಾಂತ್ರಿಕ ದೋಣಿಗಳ ಮೀನುಗಾರಿಕೆಗೂ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ನಿಷೇಧವಿರುತ್ತದೆ. ದೋಣಿ ಮುಂದೆ ಸಾಗಿದಂತೆ ದೇವಾಲಯದ ಎತ್ತರದ ರಾಜಗೋಪುರವೂ ಬೃಹತ್ ಶಿವಮೂರ್ತಿಯೂ ಹಿಂದೆ ಸಣ್ಣವಾಗುತ್ತವೆ, ಕೆಸರು ಬಣ್ಣದ ನೀರು ಹಸುರಾಗಿ, ಅನಂತರ ಕಡುನೀಲಿಯಾಗುತ್ತದೆ. ನೀರಿನ ಈ ಬಣ್ಣದ ಬದಲಾವಣೆಯಲ್ಲಿ ದ್ವೀಪದ ಜೀವರಹಸ್ಯದ ಒಂದು ಭಾಗ ಅಡಗಿದೆ.

ಗಗನದ ನಿವಾಸಿಗಳು

ದ್ವೀಪವನ್ನು ಸಮೀಪಿಸಿದವರ ಕಣ್ಣಿಗೆ ಮೊದಲು ಬೀಳುವುದು ಬಿಳಿಹೊಟ್ಟೆಯ ಕಡಲ ಹದ್ದು. ಬೂದುಬಣ್ಣದ ಬೆನ್ನು, ಹಾಲಿನಂತೆ ಬೆಳ್ಳಗಿನ ತಲೆ ಮತ್ತು ಒಡಲು, ಬಿಚ್ಚಿದಾಗ ಸುಮಾರು 2 ಮೀಟರು ಅಗಲಕ್ಕೆ ಹರಡುವ ರೆಕ್ಕೆಗಳು ಇದರ ಗುರುತು. ನೀರಿನ ಮೇಲ್ಭಾಗಕ್ಕೆ ಬಂದ ಮೀನನ್ನೂ ಕಡಲ ಹಾವನ್ನೂ ಇದು ಉಗುರುಗಳಿಂದ ಎತ್ತಿಕೊಂಡು ಹೋಗುತ್ತದೆ. ಎತ್ತರದ ಮರದಲ್ಲಿ ಕಡ್ಡಿಗಳಿಂದ ದೊಡ್ಡ ಗೂಡನ್ನು ಕಟ್ಟಿ, ಅದನ್ನೇ ವರ್ಷ ವರ್ಷವೂ ದುರಸ್ತಿಗೊಳಿಸಿ ಬಳಸುವುದು ಇದರ ರೂಢಿ. ಸಾಮಾನ್ಯವಾಗಿ ಎರಡು ಮೊಟ್ಟೆಗಳನ್ನು ಮಾತ್ರ ಇಡುತ್ತದೆ. ಹೀಗೆ ಅಲ್ಪಸಂತಾನದ ಪಕ್ಷಿಗೆ ಒಂದು ಗೂಡು ಕೆಟ್ಟರೂ ಆ ವರ್ಷದ ಫಲವೆಲ್ಲ ನಷ್ಟವಾದಂತೆ. ನಿರ್ಜನವಾದ ದ್ವೀಪದ ಮರಗಳು ಇದಕ್ಕೆ ಅತ್ಯಂತ ಪ್ರಿಯವಾಗಿರುವುದು ಈ ಕಾರಣದಿಂದಲೇ.

ಎರಡನೆಯ ನಿವಾಸಿಯು ಸ್ವಿಫ್ಟ್‌ಲೆಟ್ ಎಂಬ ಚಿಕ್ಕ ಕಂದುಬಣ್ಣದ ಬಾನಾಡಿ. ಹಗಲೆಲ್ಲ ಗಾಳಿಯಲ್ಲಿ ಹಾರಾಡುತ್ತ ಕೀಟಗಳನ್ನು ಹಿಡಿದು ತಿನ್ನುವ ಈ ಹಕ್ಕಿ ಗೂಡು ಕಟ್ಟುವುದು ಕತ್ತಲೆಯ ಗವಿಗಳ ಗೋಡೆಯ ಮೇಲೆ. ತನ್ನ ಜೊಲ್ಲನ್ನೇ ಅಂಟಾಗಿ ಬಳಸಿ, ಅದರಲ್ಲಿ ಹಾವಸೆ ಮತ್ತು ಗರಿಗಳನ್ನು ಬೆರೆಸಿ ಅರೆಬಟ್ಟಲಿನಂತಹ ಗೂಡನ್ನು ರಚಿಸುತ್ತದೆ. ಗವಿಯ ಕಗ್ಗತ್ತಲೆಯಲ್ಲಿ ಟಿಕ್ ಟಿಕ್ ಎಂಬ ಸದ್ದನ್ನು ಹೊರಡಿಸಿ, ಅದರ ಮಾರ್ದನಿಯನ್ನು ಆಲಿಸಿ ದಾರಿ ಕಂಡುಕೊಳ್ಳುವ ಇದರ ಸಾಮರ್ಥ್ಯ ಬಾವಲಿಯದನ್ನು ನೆನಪಿಗೆ ತರುತ್ತದೆ. ಹತ್ತೊಂಬತ್ತನೆಯ ಶತಮಾನದ ಪಕ್ಷಿಶಾಸ್ತ್ರಜ್ಞ ಟಿ. ಸಿ. ಜೆರ್ಡನ್ ಭಾರತದ ಪಕ್ಷಿಗಳನ್ನು ಕುರಿತ ತನ್ನ ಪ್ರಸಿದ್ಧ ಗ್ರಂಥದಲ್ಲಿ ಈ ದ್ವೀಪದ ಗವಿಯಲ್ಲಿನ ಬಾನಾಡಿಗಳನ್ನು ಪ್ರಸ್ತಾಪಿಸಿದ್ದಾನೆ. ಈ ಜಾತಿಯ ಗೂಡುಗಳಿಗೆ ಪೂರ್ವ ಏಷ್ಯದ ಪೇಟೆಗಳಲ್ಲಿ ಭಾರಿ ಬೆಲೆ. ಅಲ್ಲಿ ಅವುಗಳಿಂದ ಸಾರು ಮಾಡಿ ಕುಡಿಯುತ್ತಾರೆ. ಗೂಡಿಗೆ ಬೆಲೆ ಬಂದಲ್ಲೆಲ್ಲ ಹಕ್ಕಿಯ ಬಾಳಿಗೆ ಸಂಚಕಾರ ಬಂದಿದೆ. ಮಹಾರಾಷ್ಟ್ರದ ವೆಂಗುರ್ಲೆಯ ಎದುರಿನ ಕಡಲಬಂಡೆಗಳಲ್ಲಿ ಇದೇ ಹಕ್ಕಿಯ ಗೂಡುಗಳನ್ನು ಕದಿಯುವವರಿಂದ ಕಾಪಾಡಲು ಕಾವಲು ನಿಲ್ಲಬೇಕಾಗಿ ಬಂದಿತು.

ಮೂರನೆಯದು ದ್ವೀಪಕ್ಕೆ ಆಂಗ್ಲ ಹೆಸರನ್ನು ಕೊಟ್ಟ ಪಾರಿವಾಳ. ವಿಜಯಪುರದ ಹಳೆಯ ಕಟ್ಟಡಗಳ ಮಾಡುಗಳಲ್ಲಿ, ಹಳ್ಳಿಯ ಬಾವಿಗಳ ಕಲ್ಲುಸಂದುಗಳಲ್ಲಿ ಕಾಣುವ ನೀಲಿಬೂದು ಪಾರಿವಾಳದ ಮೂಲ ವಾಸಸ್ಥಾನ ಇಂತಹ ಕಡಿದಾದ ಬಂಡೆಗಳೇ. ಮನುಷ್ಯನು ಎತ್ತರದ ಕಲ್ಲುಕಟ್ಟಡಗಳನ್ನು ಎಬ್ಬಿಸಿದಾಗ ಅದು ಅವುಗಳನ್ನೂ ಬಂಡೆಗಳೆಂದೇ ಬಗೆದು ಬಂದು ನೆಲೆಸಿತು. ಮನೆಯಂಗಳದ ಹಕ್ಕಿಯು ತನ್ನ ಪೂರ್ವಜರ ಮನೆಯಲ್ಲಿ ಹೇಗಿರುತ್ತದೆಂಬುದನ್ನು ವಿದ್ಯಾರ್ಥಿಗಳು ನೇತ್ರಾಣಿಯ ಬಂಡೆಗಳಲ್ಲಿ ಕಾಣಬಹುದು.

ನೀರಿನೊಳಗಿನ ಲೋಕ

ನೇತ್ರಾಣಿಯ ಮತ್ತೊಂದು ವೈಶಿಷ್ಟ್ಯವೆಂದರೆ ಅದರ ಸುತ್ತಲಿನ ಹವಳ. ಹವಳವು ನೋಡಲು ಕಲ್ಲಿನಂತೆಯೂ ಗಿಡದಂತೆಯೂ ಇದ್ದರೂ ವಾಸ್ತವವಾಗಿ ಪ್ರಾಣಿ. ಸಾಸಿವೆಯಿಂದ ಕಡಲೆಯಷ್ಟು ಗಾತ್ರದ ಅಸಂಖ್ಯಾತ ಮೃದುಜೀವಿಗಳು ಒಟ್ಟಾಗಿ, ಸಮುದ್ರದ ನೀರಿನಿಂದ ಸುಣ್ಣವನ್ನು ಹೀರಿ, ತಮ್ಮ ಸುತ್ತ ಗಟ್ಟಿಯಾದ ಮನೆಗಳನ್ನು ಕಟ್ಟಿಕೊಳ್ಳುತ್ತವೆ. ಈ ಜೀವಿಗಳ ಒಡಲಿನಲ್ಲಿ ಅತಿ ಸೂಕ್ಷ್ಮವಾದ ಪಾಚಿಗಳು ವಾಸಿಸುತ್ತವೆ. ಪಾಚಿಯು ಸೂರ್ಯನ ಬೆಳಕಿನಿಂದ ಆಹಾರವನ್ನು ತಯಾರಿಸಿ ಹವಳಕ್ಕೆ ಕೊಡುತ್ತದೆ, ಹವಳವು ಪಾಚಿಗೆ ಆಶ್ರಯ ಕೊಡುತ್ತದೆ. ಬೆಳಕು ಬೇಕಾದ್ದರಿಂದ ಹವಳಕ್ಕೆ ತಿಳಿಯಾದ ನೀರು ಬೇಕು. ಮಳೆಗಾಲದಲ್ಲಿ ಕರಾವಳಿಯ ಹೊಳೆಗಳು ಹೊತ್ತು ತರುವ ಕೆಸರು ದಡದ ಬಳಿಯ ನೀರನ್ನು ಕದಡಿಬಿಡುತ್ತದೆ. ದಡದಿಂದ ದೂರ ಸರಿದು ನಿಂತ ನೇತ್ರಾಣಿಯ ಸುತ್ತ ನೀರು ತಿಳಿಯಾಗಿರುತ್ತದೆ. ದೋಣಿಯಿಂದ ಕಂಡ ನೀರಿನ ಬಣ್ಣದ ಬದಲಾವಣೆಗೂ ಹವಳದ ಇರುವಿಕೆಗೂ ಇರುವ ಸಂಬಂಧ ಇದೇ.

ಹವಳ ಇದ್ದಲ್ಲಿ ಮೀನುಗಳಿಗೆ ಮನೆಯೂ ಊಟವೂ ಉಂಟು. ಚಿಟ್ಟೆ ಮೀನು, ಗಿಳಿ ಮೀನು, ಹಾವು ಮೀನು, ಸಿಗಡಿ ಮೊದಲಾದ ನಾನಾ ಬಗೆಯ ಜೀವಿಗಳು ಇಲ್ಲಿ ಕಾಣಸಿಗುತ್ತವೆ. ಆದ್ದರಿಂದಲೇ ಗಾಳಿಯ ಕೊಳವೆ ಕಟ್ಟಿಕೊಂಡು ನೀರೊಳಗೆ ಮುಳುಗಿ ನೋಡುವ ಸ್ಕೂಬಾ ಡೈವಿಂಗ್, ಮುಖಕ್ಕೆ ಕನ್ನಡಕ ತೊಟ್ಟು ಮೇಲಿನಿಂದಲೇ ಇಣುಕುವ ಸ್ನಾರ್ಕ್‌ಲಿಂಗ್ ಎಂಬ ಎರಡು ಕ್ರಮಗಳಿಗೆ ನೇತ್ರಾಣಿ ದೇಶದಲ್ಲೇ ಹೆಸರಾಗಿದೆ. 2022ರಲ್ಲಿ ತೆರೆಕಂಡ, ಪುನೀತ್ ರಾಜ್‌ಕುಮಾರ್ ಅವರು ಕಾಣಿಸಿಕೊಂಡ ‘ಗಂಧದ ಗುಡಿ’ ಚಿತ್ರದ ಮೂಲಕ ಈ ಕಡಲಾಳದ ದೃಶ್ಯವು ನಾಡಿನ ಮನೆಮನೆಗೂ ತಲುಪಿತು. ಅನಂತರ ಇಲ್ಲಿಗೆ ಬರಬೇಕೆಂಬ ಆಸೆ ಹಲವರಲ್ಲಿ ಮೂಡಿರುವುದು ಸಹಜವೇ.

ಹವಳದ ಬೆಳವಣಿಗೆ ಅತಿ ನಿಧಾನ. ವರ್ಷಕ್ಕೆ ಕೆಲವು ಮಿಲಿಮೀಟರು ಮಾತ್ರ ಬೆಳೆಯುವ ಜಾತಿಗಳೂ ಉಂಟು. ಹಾಗಾಗಿ ಕಾಲಿನಿಂದ ಒದ್ದು ಮುರಿದ ಗೇಣುದ್ದದ ತುಂಡೊಂದು ಮತ್ತೆ ಬೆಳೆಯುವಷ್ಟರಲ್ಲಿ ಮುರಿದವನ ಆಯುಷ್ಯದ ಬಹುಭಾಗವೇ ಕಳೆದುಹೋಗಬಹುದು. ದಿಬ್ಬಗಳನ್ನು ಕಟ್ಟುವ ಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಲಾಯಿತು. ಹುಲಿಗೆ ಇರುವ ರಕ್ಷಣೆಯೇ ಈ ಪುಟ್ಟ ಜೀವಿಗೂ ದೊರೆಯಿತು. ಒಂದು ತುಂಡು ಹವಳವನ್ನು ನೆನಪಿಗಾಗಿ ಮನೆಗೆ ಒಯ್ಯುವುದು ಕಾನೂನಿನ ದೃಷ್ಟಿಯಲ್ಲಿಯೂ ಅಪರಾಧ.

ದ್ವೀಪದ ದೌರ್ಬಲ್ಯ

ದ್ವೀಪದ ಜೀವಿಗಳಿಗೆ ನೀರಿನ ಬೇಲಿ ರಕ್ಷೆಯಾಗಿರುವಂತೆಯೇ ಒಂದು ದೌರ್ಬಲ್ಯಕ್ಕೂ ಕಾರಣವಾಗಿದೆ. ಹೊರಗಿನ ಶತ್ರುವನ್ನು ಕಾಣದೆ ಬೆಳೆದ ಜೀವಿಗೆ ಶತ್ರು ಬಂದಾಗ ಓಡಬೇಕೆಂಬುದೇ ತಿಳಿದಿರುವುದಿಲ್ಲ, ಓಡಲು ಬೇರೆ ಸ್ಥಳವೂ ಇರುವುದಿಲ್ಲ. ಹಿಂದೂ ಮಹಾಸಾಗರದ ಮಾರಿಷಸ್ ದ್ವೀಪದಲ್ಲಿ ಡೋಡೋ ಎಂಬ ಹಾರಲಾರದ ದೊಡ್ಡ ಹಕ್ಕಿಯಿತ್ತು. 1598ರಲ್ಲಿ ಡಚ್ ನಾವಿಕರು ಅಲ್ಲಿ ಇಳಿದರು. ಅವರ ಜತೆಗೆ ಹಂದಿ, ಇಲಿ ಮೊದಲಾದ ಪ್ರಾಣಿಗಳೂ ಇಳಿದವು. ನೂರು ವರ್ಷ ತುಂಬುವ ಮೊದಲೇ ಡೋಡೋ ಭೂಮಿಯ ಮೇಲಿಂದ ಅಳಿಸಿಹೋಯಿತು.

ಹಂದಿ, ಇಲಿಗಳಷ್ಟೇ ಅಲ್ಲ, ಸಾಧುಪ್ರಾಣಿಯಾದ ಆಡು ಕೂಡ ದ್ವೀಪಕ್ಕೆ ಕಂಟಕವಾಗಬಲ್ಲದು. ಅಂಡಮಾನಿನ ಪೂರ್ವಕ್ಕೆ ನಾರ್ಕಾಂಡಮ್ ಎಂಬ ಒಂಟಿ ದ್ವೀಪವಿದೆ. ಪ್ರಪಂಚದಲ್ಲಿ ಬೇರೆಲ್ಲಿಯೂ ಇಲ್ಲದ ಮಂಗಟ್ಟೆ ಹಕ್ಕಿಯ ಒಂದು ಜಾತಿ ಅಲ್ಲಿ ಮಾತ್ರ ಬಾಳುತ್ತಿದೆ. ಅಲ್ಲಿನ ಪೊಲೀಸ್ ಠಾಣೆಯವರ ಅಗತ್ಯಕ್ಕೆಂದು ಒಯ್ದ ಆಡುಗಳು ಕಾಡಿಗೆ ಸೇರಿ ಸಂಖ್ಯೆಯಲ್ಲಿ ಹೆಚ್ಚಿ, ಎಳೆಯ ಸಸಿಗಳನ್ನೆಲ್ಲ ಮೇಯತೊಡಗಿದವು. ಎಳೆಯ ಸಸಿಯಿಲ್ಲದಿದ್ದರೆ ನಾಳೆಗೆ ಮರವಿಲ್ಲ, ಮರವಿಲ್ಲದಿದ್ದರೆ ಪೊಟರೆಯಲ್ಲಿ ಗೂಡುಮಾಡುವ ಮಂಗಟ್ಟೆಗೆ ಮನೆಯಿಲ್ಲ. ಕೊನೆಗೆ ಆ ಆಡುಗಳನ್ನು ದ್ವೀಪದಿಂದ ತೆರವುಗೊಳಿಸಬೇಕಾಯಿತು. ಶಾಂತಸಾಗರದ ಗಲಪಗಾಸ್ ದ್ವೀಪಸಮೂಹದ ಪಿಂಟಾ ಎಂಬ ದ್ವೀಪದಲ್ಲಿ 1959ರಲ್ಲಿ ಬಿಟ್ಟ ಮೂರೇ ಮೂರು ಆಡುಗಳ ಸಂತತಿ ಕೆಲವೇ ವರ್ಷಗಳಲ್ಲಿ ಸಾವಿರಾರು ಸಂಖ್ಯೆಗೆ ಏರಿ ಅಲ್ಲಿನ ಹಸುರನ್ನು ಬೋಳುಮಾಡಿತು. ಆ ದ್ವೀಪದ ದೈತ್ಯ ಆಮೆಗಳಲ್ಲಿ ಕಟ್ಟಕಡೆಯದೆಂದು ಪ್ರಸಿದ್ಧವಾದ ಒಂಟಿ ಆಮೆ 2012ರಲ್ಲಿ ಕಣ್ಮುಚ್ಚಿತು.

ನೇತ್ರಾಣಿಯಲ್ಲಿಯೂ ಮೀನುಗಾರ ಭಕ್ತರು ಹರಕೆಯಾಗಿ ಬಿಟ್ಟ ಆಡುಗಳಿವೆ. ಬಿರುಗಾಳಿಯಿಂದ ಬದುಕಿ ಬಂದ ಮನುಷ್ಯನು ಕೃತಜ್ಞತೆಯಿಂದ ಸಲ್ಲಿಸುವ ಹರಕೆಯನ್ನು ಲಘುವಾಗಿ ಕಾಣುವುದು ಸಲ್ಲದು. ಕಡಲಿನ ಮೇಲೆ ದಿನವೂ ಪ್ರಾಣವನ್ನು ಪಣಕ್ಕಿಡುವವರ ಶ್ರದ್ಧೆ ಅದು. ಪ್ರಾಣಿಯನ್ನು ಕೊಲ್ಲದೆ ಜೀವಂತವಾಗಿ ಬಿಡುವುದರಲ್ಲಿ ಕರುಣೆಯೂ ಇದೆ. ಆದರೆ ಪಿಂಟಾ ಮತ್ತು ನಾರ್ಕಾಂಡಮ್‌ಗಳ ಅನುಭವವು ಬೇರೊಂದು ಲೆಕ್ಕವನ್ನು ಮುಂದಿಡುತ್ತದೆ. ಆಡು ತಿಂದ ಸಸಿಯು ಮುಂದೆ ಕಡಲ ಹದ್ದಿನ ಗೂಡನ್ನು ಹೊರಬೇಕಾಗಿದ್ದ ಮರ. ಆದ್ದರಿಂದ ಹರಕೆಯ ಭಾವವನ್ನು ಉಳಿಸಿಕೊಂಡು ಅದರ ಕ್ರಮವನ್ನು ಬದಲಿಸಲು ಸಾಧ್ಯವೇ ಎಂಬುದನ್ನು ಮೀನುಗಾರ ಹಿರಿಯರೊಂದಿಗೆ ಕುಳಿತು ಯೋಚಿಸಬೇಕಾಗಿದೆ. ಅವರನ್ನು ಬಿಟ್ಟು ಕೈಗೊಂಡ ಯಾವ ಸಂರಕ್ಷಣೆಯೂ ಕಡಲಿನ ನಡುವೆ ಬಾಳಲಾರದು.

ಇನ್ನೊಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ನೌಕಾದಳವು ಬಹುಕಾಲ ಈ ದ್ವೀಪವನ್ನು ಗುಂಡು ಹಾರಿಸುವ ಅಭ್ಯಾಸಕ್ಕೆ ಗುರಿಯಾಗಿ ಬಳಸಿತ್ತು. ಇದರಿಂದ ಪಕ್ಷಿಗಳಿಗೂ ಹವಳಕ್ಕೂ ಹಾನಿಯೆಂದು ಪರಿಸರಪ್ರೇಮಿಗಳು ಆಕ್ಷೇಪವೆತ್ತಿದರು. ಸಿಡಿಯದೆ ಉಳಿದ ಮದ್ದುಗುಂಡುಗಳು ದ್ವೀಪದಲ್ಲಿ ಕಂಡುಬಂದ ವರದಿಗಳೂ ಇವೆ. ದ್ವೀಪದ ಮೇಲೆ ಕಾಲಿಡದಿರುವುದು ಹಕ್ಕಿಗಳಿಗೆ ಮಾತ್ರವಲ್ಲ, ಮನುಷ್ಯರಿಗೂ ಕ್ಷೇಮಕರ.

ನೋಡುವ ಕ್ರಮ ಬದಲಾದ ಬಗೆ

ಒಂದು ಕಾಲದಲ್ಲಿ ಹಕ್ಕಿಯನ್ನು ಅರಿಯುವುದೆಂದರೆ ಅದನ್ನು ಹೊಡೆದು ಕೈಗೆ ತೆಗೆದುಕೊಳ್ಳುವುದೆಂದೇ ಅರ್ಥವಿತ್ತು. ಮುಂದೆ 1885ರಲ್ಲಿ ರಾಷ್ಟ್ರೀಯ ಕಾಂಗ್ರೆಸ್ಸಿನ ಸ್ಥಾಪನೆಗೆ ಕಾರಣನಾದ ಎ. ಓ. ಹ್ಯೂಮನು 1875ರಲ್ಲಿ ಹಡಗಿನಲ್ಲಿ ಸಂಚರಿಸಿ ಲಕ್ಷದ್ವೀಪ ಮತ್ತು ಪಶ್ಚಿಮ ಕರಾವಳಿಯ ಪಕ್ಷಿಗಳನ್ನು ಕುರಿತು ಬರೆದನು. ಅವನು ಬ್ರಿಟಿಷ್ ಮ್ಯೂಸಿಯಮ್ಮಿಗೆ ಒಪ್ಪಿಸಿದ ಪಕ್ಷಿಗಳ ಚರ್ಮಗಳೂ ಮೊಟ್ಟೆಗಳೂ ಸೇರಿ ಎಂಬತ್ತು ಸಾವಿರಕ್ಕೆ ಮಿಕ್ಕಿದ್ದವು. ಆ ಕಾಲಕ್ಕೆ ದುರ್ಬೀನುಗಳೂ ಛಾಯಾಚಿತ್ರಗಳೂ ಇಂದಿನಷ್ಟು ಬೆಳೆದಿರಲಿಲ್ಲ. ಅವರ ಶ್ರಮದಿಂದ ದೊರೆತ ಜ್ಞಾನದ ಮೇಲೆಯೇ ಇಂದಿನ ಪಕ್ಷಿಶಾಸ್ತ್ರ ನಿಂತಿದೆ. ಆದರೆ ಅದೇ ಕ್ರಮವನ್ನು ಇಂದು ಅನುಸರಿಸುವ ಅಗತ್ಯವಿಲ್ಲ.

ಕರ್ನಾಟಕದಲ್ಲಿ ಈ ಬದಲಾವಣೆಗೆ ಉತ್ತಮ ನಿದರ್ಶನ ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು. ಹದಿನೇಳನೆಯ ಶತಮಾನದಲ್ಲಿ ಕಾವೇರಿಗೆ ಕಟ್ಟಿದ ಅಣೆಯಿಂದ ರೂಪುಗೊಂಡ ಅಲ್ಲಿನ ನಡುಗಡ್ಡೆಗಳಲ್ಲಿ ಕೊಕ್ಕರೆಗಳು ಗುಂಪುಗುಂಪಾಗಿ ಗೂಡು ಕಟ್ಟುವುದನ್ನು ಡಾ. ಸಲೀಂ ಅಲಿಯವರು ಗಮನಿಸಿ, ಮೈಸೂರು ಸಂಸ್ಥಾನದ ಒಡೆಯರಿಗೆ ಅದರ ಮಹತ್ವವನ್ನು ತಿಳಿಸಿದರು. ಅದರ ಫಲವಾಗಿ 1940ರಲ್ಲಿ ಅದು ಪಕ್ಷಿಧಾಮವಾಯಿತು. ಅಲ್ಲಿ ಪ್ರವಾಸಿಗರು ಹುಟ್ಟುಹಾಕುವ ದೋಣಿಯಲ್ಲಿ ಕುಳಿತು ನಡುಗಡ್ಡೆಗಳ ಬದಿಯಲ್ಲಿ ಸಾಗುತ್ತಾರೆ, ಯಾರೂ ಇಳಿಯುವುದಿಲ್ಲ. ಕೊಕ್ಕರೆಯು ಮರಿಗೆ ಗುಟುಕು ಕೊಡುವುದನ್ನು ಹತ್ತಿರದಿಂದಲೇ ನೋಡಿ ಮರಳುತ್ತಾರೆ. ಇಷ್ಟು ವರ್ಷ ಇಷ್ಟು ಜನ ನೋಡಿದರೂ ಹಕ್ಕಿಗಳು ಆ ಸ್ಥಳವನ್ನು ತೊರೆಯದಿರುವುದಕ್ಕೆ ಈ ಶಿಸ್ತೇ ಮುಖ್ಯ ಕಾರಣ. 2022ರಲ್ಲಿ ರಂಗನತಿಟ್ಟು ಅಂತಾರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ಗಲಪಗಾಸ್ ದ್ವೀಪಗಳಲ್ಲಿಯೂ ಪರವಾನಗಿ ಪಡೆದ ಮಾರ್ಗದರ್ಶಕನಿಲ್ಲದೆ ಯಾರೂ ಸಂಚರಿಸುವಂತಿಲ್ಲ, ಗುರುತಿಸಿದ ಕಾಲುದಾರಿಯನ್ನು ಬಿಡುವಂತಿಲ್ಲ, ಪ್ರಾಣಿಗಳಿಂದ ಕನಿಷ್ಠ 2 ಮೀಟರು ದೂರ ನಿಲ್ಲಬೇಕು.

ನೇತ್ರಾಣಿಗೆ ಹೋಗುವವರೂ ಇದೇ ಕ್ರಮವನ್ನು ಪಾಲಿಸಬೇಕು. ದೋಣಿಯು ಗೂಡಿರುವ ಬಂಡೆಗಳಿಗೆ ತೀರ ಹತ್ತಿರವಾದಾಗ ತಾಯಿಹಕ್ಕಿ ಬೆದರಿ ಹಾರಿಹೋಗುತ್ತದೆ. ಆ ಹೊತ್ತಿನಲ್ಲಿ ಮೊಟ್ಟೆಗಳು ಬಿಸಿಲಿಗೆ ಕಾಯುತ್ತವೆ, ಇಲ್ಲವೇ ಕಾಗೆಯ ಪಾಲಾಗುತ್ತವೆ. ಹವಳದ ಮೇಲೆ ಲಂಗರು ಇಳಿಸಬಾರದು, ನೀರಿನಲ್ಲಿ ಹವಳದ ಮೇಲೆ ನಿಲ್ಲಬಾರದು, ಮೀನುಗಳಿಗೆ ತಿಂಡಿ ಎಸೆಯಬಾರದು, ಪ್ಲಾಸ್ಟಿಕ್ಕಿನ ಒಂದು ಚೂರನ್ನೂ ಕಡಲಿಗೆ ಬಿಡಬಾರದು. ತೀರದಲ್ಲಿ ಮಕ್ಕಳು ಚಿಪ್ಪು ಆರಿಸುವುದು ಸಾಮಾನ್ಯ. ಖಾಲಿ ಶಂಖದಂತೆ ತೋರುವುದು ಸನ್ಯಾಸಿ ಏಡಿಗೆ ಮನೆಯಾಗುತ್ತದೆಂಬುದನ್ನು ತಿಳಿಸಿದರೆ ಸಾಕು, ಮಕ್ಕಳು ತಾವಾಗಿಯೇ ಅದನ್ನು ಮರಳಿನ ಮೇಲೆ ಇರಿಸಿ ಬರುತ್ತಾರೆ.

ಉಪಾಧ್ಯಾಯರ ಹೊಣೆ

ಹಕ್ಕಿಗಳ ಕ್ಷೇಮದಷ್ಟೇ ಮಕ್ಕಳ ಕ್ಷೇಮವೂ ಮುಖ್ಯ. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆಂದು ಬಂದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ಅಸುನೀಗಿದ ದುರ್ಘಟನೆ ನಾಡನ್ನೇ ಕಲಕಿತು. ಕೆರೆ, ಬಾವಿಗಳನ್ನು ಮಾತ್ರ ಕಂಡ ಬಯಲು ಸೀಮೆಯ ಮಕ್ಕಳಿಗೆ ಅಲೆ ಹಿಂದಕ್ಕೆ ಸರಿಯುವಾಗ ಕಾಲಡಿಯ ಮರಳನ್ನೂ ಸೆಳೆದೊಯ್ಯುತ್ತದೆಂಬ ಅರಿವಿರುವುದಿಲ್ಲ. ಕಾವಲುಗಾರರು ನಿಷೇಧಿಸಿದ ಸ್ಥಳದಲ್ಲಿ ನೀರಿಗಿಳಿಯಕೂಡದು. ದೋಣಿ ಹತ್ತುವ ಪ್ರತಿಯೊಬ್ಬರೂ ಜೀವರಕ್ಷಕ ಅಂಗಿಯನ್ನು ಧರಿಸಿರಬೇಕು. ಕಿರಿಯ ಮಕ್ಕಳನ್ನು ನೇತ್ರಾಣಿಯವರೆಗೆ ಕರೆದೊಯ್ಯುವ ಬದಲು ತೀರದಲ್ಲಿಯೇ ದುರ್ಬೀನು ಹಿಡಿದು ಕಡಲ ಹಕ್ಕಿಗಳನ್ನು ತೋರಿಸುವುದು ಮೇಲು.

ಪ್ರವಾಸಕ್ಕೆ ಮುನ್ನ ತರಗತಿಯಲ್ಲಿ ನಕಾಶೆಯನ್ನು ಬಿಡಿಸಿ ದಾರಿಯನ್ನೂ ನದಿಗಳನ್ನೂ ಗುರುತಿಸಬೇಕು. ಪ್ರತಿ ವಿದ್ಯಾರ್ಥಿಯೂ ಒಂದು ಸಣ್ಣ ಪುಸ್ತಕದಲ್ಲಿ ದಿನಾಂಕ, ವೇಳೆ, ಸ್ಥಳ, ಕಂಡ ಹಕ್ಕಿ, ಅದು ಮಾಡುತ್ತಿದ್ದ ಕೆಲಸ ಎಂಬ ಐದು ಅಂಶಗಳನ್ನು ಬರೆಯುವ ಅಭ್ಯಾಸ ಮಾಡಬೇಕು. ಇಂತಹ ಟಿಪ್ಪಣಿಗಳನ್ನು ಶಾಲೆಯಲ್ಲಿ ವರ್ಷ ವರ್ಷವೂ ಕಾಪಾಡಿಟ್ಟರೆ, ಕಾಲಾಂತರದಲ್ಲಿ ಅವು ವಿದ್ವಾಂಸರಿಗೂ ಉಪಯುಕ್ತವಾದ ದಾಖಲೆಯಾಗುತ್ತವೆ. ಒಂದೆರಡು ದುರ್ಬೀನು, ಹಕ್ಕಿಗಳನ್ನು ಗುರುತಿಸುವ ಒಂದು ಸಚಿತ್ರ ಪುಸ್ತಕ, ಇಷ್ಟಿದ್ದರೆ ಈ ಕಾರ್ಯ ಆರಂಭವಾಗುತ್ತದೆ. ಶಾಲೆಗಳಿಗೆ ಕೊಠಡಿ ಕಟ್ಟಿಸಿಕೊಡುವ ಉದಾರಿಗಳು ಇಂತಹ ಸಣ್ಣ ಸಾಧನಗಳತ್ತಲೂ ಗಮನ ಹರಿಸಿದರೆ ವೆಚ್ಚ ಅಲ್ಪ, ಪ್ರಯೋಜನ ಅಧಿಕ.

ಉಪಸಂಹಾರ: ಮನೆಯ ಹತ್ತಿರದ ನಡುಗಡ್ಡೆಗಳು

ನೇತ್ರಾಣಿಯವರೆಗೆ ಎಲ್ಲರೂ ಹೋಗಲಾರರು, ಎಲ್ಲರೂ ಹೋಗುವುದು ದ್ವೀಪಕ್ಕೆ ಹಿತವೂ ಅಲ್ಲ. ಆದರೆ ಅಲ್ಲಿ ಕಲಿತ ಪಾಠವನ್ನು ಮಸೂತಿಯ ಸಮೀಪದಲ್ಲಿಯೇ ಆಚರಣೆಗೆ ತರಬಹುದು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರಿಂದ ಶಂಕುಸ್ಥಾಪನೆಗೊಂಡ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಈ ಭಾಗದ ಭೂಗೋಳವನ್ನೇ ಮಾರ್ಪಡಿಸಿತು. ಹಳೆಯ ಕೊಲ್ಹಾರವೂ ಸೇರಿದಂತೆ ಅನೇಕ ಊರುಗಳು ನೀರಿನಡಿಗೆ ಸಂದವು. ಫಲವತ್ತಾದ ಎರೆಹೊಲಗಳನ್ನೂ ಹಿರಿಯರ ಮನೆಗಳನ್ನೂ ಬಿಟ್ಟು ಬಂದ ಕುಟುಂಬಗಳ ನೋವು ಇಂದಿಗೂ ಪೂರ್ತಿಯಾಗಿ ಮಾಸಿಲ್ಲ. ಜನರು ತೊರೆದ ನೆಲದ ಮೇಲೆ ನಿಂತ ಅದೇ ನೀರಿಗೆ ಇಂದು ದೂರದೇಶದ ಹಕ್ಕಿಗಳು ಬಂದಿಳಿಯುತ್ತವೆ. ಚಳಿಗಾಲ ಕಳೆದು ನೀರು ಇಳಿಯುತ್ತ ಹೋದಂತೆ ತೆರೆದುಕೊಳ್ಳುವ ಕೆಸರುನೆಲದಲ್ಲಿ ಗುಲಾಬಿ ಬಣ್ಣದ ರಾಜಹಂಸಗಳು ತಲೆಕೆಳಗಾಗಿ ಕೊಕ್ಕನ್ನು ಅದ್ದಿ, ನೀರನ್ನು ಸೋಸಿ ಆಹಾರವನ್ನು ಪಡೆಯುತ್ತವೆ. ಹಿಮಾಲಯವನ್ನು ಹಾರಿ ದಾಟುವ ಪಟ್ಟೆತಲೆಯ ಹೆಬ್ಬಾತುಗಳು ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಚಳಿಗಾಲ ಕಳೆಯುತ್ತವೆ. ಆ ಕೆರೆಯೂ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದೆ.

ಲಕ್ಕವಳ್ಳಿಯ ಭದ್ರಾ ಜಲಾಶಯದ ಅನುಭವ ಇಲ್ಲಿ ಸ್ಮರಣೀಯ. ಅಲ್ಲಿ ನೀರು ಇಳಿದಾಗ ತಲೆಯೆತ್ತುವ ನಡುಗಡ್ಡೆಗಳಲ್ಲಿ ಹೊಳೆ ರೀವ ಎಂಬ ಹಕ್ಕಿಗಳು ಸಾವಿರಗಟ್ಟಲೆ ನೆರೆದು, ಬರಿನೆಲದ ಮೇಲೆ ಕಲ್ಲಿನಂತೆಯೇ ತೋರುವ ಮೊಟ್ಟೆಗಳನ್ನಿಟ್ಟು ಮರಿಮಾಡುತ್ತವೆ. ಮಳೆಗಾಲದಲ್ಲಿ ನೀರು ಏರುವ ಮೊದಲು ಮರಿಗಳು ಹಾರಲು ಕಲಿತಿರಬೇಕು. ಆ ಕೆಲವು ತಿಂಗಳುಗಳಲ್ಲಿ ಅಲ್ಲಿಗೆ ಒಬ್ಬನು ಇಳಿದರೂ ಅವನ ಅರಿವಿಲ್ಲದೆಯೇ ಕಾಲಡಿಯಲ್ಲಿ ಮೊಟ್ಟೆಗಳು ಒಡೆಯುತ್ತವೆ. ಅಣೆಕಟ್ಟು ಮನುಷ್ಯನಿಂದಾದುದು, ಅದರ ನಡುಗಡ್ಡೆಯೂ ಮನುಷ್ಯನಿಂದಾದುದೇ. ಆದರೂ ಸುತ್ತ ನೀರು ನಿಂತ ಕ್ಷಣದಿಂದ ಹಕ್ಕಿಯು ಅದನ್ನು ನಂಬಿ ಬರುತ್ತದೆ.

ಮಸೂತಿ ಭಾಗದ ವಿದ್ಯಾರ್ಥಿಯೊಬ್ಬನು ಬೇಸಗೆಯ ಮುಂಜಾನೆ ಕೃಷ್ಣೆಯ ಹಿನ್ನೀರಿನ ದಂಡೆಗೆ ಹೋಗಿ, ದೂರದಲ್ಲಿ ಮೇಯುತ್ತಿರುವ ಹಕ್ಕಿಗಳನ್ನು ಕಂಡು, ಕಲ್ಲು ಎಸೆಯದೆ, ಕೂಗದೆ, ದಂಡೆಯಲ್ಲಿಯೇ ಕುಳಿತು ಎಣಿಸಿ ಬರೆದುಕೊಂಡು ಮನೆಗೆ ಮರಳಿದರೆ, ಅವನು ನೇತ್ರಾಣಿಯನ್ನು ಕಾಣದೆಯೂ ಅದರ ಪಾಠವನ್ನು ಕಲಿತಂತಾಯಿತು. ಮುಂದೊಂದು ದಿನ ಅವನು ಕಡಲ ನಡುವಿನ ಆ ಗುಡ್ಡದ ಬಳಿ ದೋಣಿಯಲ್ಲಿ ನಿಂತಾಗ, ಇಳಿಯಬೇಡವೆಂದು ಅವನಿಗೆ ಯಾರೂ ಹೇಳಬೇಕಾಗುವುದಿಲ್ಲ.